ನೆರೆಕರೆಗೂ ನಾಯಿಗೂ ಸಲ್ಲುವ ನಿಯಮ ಬೇಕು

ಒಂದೇ ವಾರದಲ್ಲಿ ಎರಡು ಪತ್ರಗಳು ನಮ್ಮ ಕಚೇರಿಗೆ ಬಂದಿವೆ. ಎರಡೂ ನಮ್ಮ ಪೇಟೆಯ ಒಂದೇ ಸಹಕಾರಿ ವಸತಿ ಸಂಘದ ಒಂದೇ ಕಟ್ಟಡದಿಂದ ಬಂದವು. ಹೆಸರನ್ನು ಪ್ರಕಟಿಸಬಾರದೆಂದು ಇಬ್ಬರೂ ಕೋರಿರುವುದರಿಂದ ಸಂಘದ ಹೆಸರನ್ನೂ ನಾವು ಇಲ್ಲಿ ಹೇಳುವುದಿಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ. ಇಂತಹ ಪತ್ರಗಳನ್ನು ಯಾವ ವಸತಿ ಸಮುಚ್ಚಯದವರೂ ಬರೆಯಬಹುದಾಗಿತ್ತು.

ಮೊದಲನೆಯ ಪತ್ರ ಒಬ್ಬ ನಿವೃತ್ತ ಅಧ್ಯಾಪಿಕೆಯದು. ಪತಿ ತೀರಿಕೊಂಡಿದ್ದಾರೆ. ಮಕ್ಕಳಿಬ್ಬರೂ ಗಲ್ಫಿನಲ್ಲಿದ್ದಾರೆ. ಹಳ್ಳಿಯ ಮನೆಯನ್ನೂ ತೋಟವನ್ನೂ ಒಬ್ಬಳೇ ನೋಡಿಕೊಳ್ಳಲಾರದೆ ಮಾರಿ ಪೇಟೆಯ ಫ್ಲಾಟಿಗೆ ಬಂದಾಗ ಅವರ ಜತೆಯಲ್ಲಿ ಬಂದದ್ದು ಮನೆಯ ನಾಯಿ ಮಾತ್ರ. ಈಗ ಅದಕ್ಕೆ ಹನ್ನೊಂದು ವರ್ಷ. ಕಣ್ಣು ಮಂಜಾಗಿದೆ. ಯಾರಿಗೂ ಉಪದ್ರವಾಗಬಾರದೆಂದು ಬೆಳಗಿನ ಜಾವ ನಾಲ್ಕೂವರೆಗೆ, ಕಟ್ಟಡದವರು ಏಳುವ ಮೊದಲೇ, ಅದನ್ನು ಕೆಳಗಿಳಿಸಿ ಹಿಂದೆ ಕರೆತರುತ್ತಾರಂತೆ. ಸಂಘದ ಬೈಲಾ ಪ್ರಕಾರ ಸಾಕುಪ್ರಾಣಿಗಳಿಗೆ ಅವಕಾಶವಿಲ್ಲವೆಂದೂ, ಹದಿನೈದು ದಿನಗಳೊಳಗೆ ನಾಯಿಯನ್ನು ಹೊರಸಾಗಿಸತಕ್ಕದ್ದೆಂದೂ ಸೂಚನಾಫಲಕದಲ್ಲಿ ಚೀಟಿ ಬಿದ್ದಿದೆ. ಈ ಮುದಿ ಪ್ರಾಣಿಯನ್ನು ಎಲ್ಲಿಗೆ ಬಿಡಲಿ ಎಂಬುದು ಅವರ ಪ್ರಶ್ನೆ.

ಎರಡನೆಯ ಪತ್ರ ಎರಡನೇ ಮಹಡಿಯ ಒಬ್ಬ ತಾಯಿಯದು. ಅವರ ನಾಲ್ಕು ವರ್ಷದ ಮಗು ಮೆಟ್ಟಿಲಿಳಿಯುತ್ತಿದ್ದಾಗ ಮೇಲಿನ ಮನೆಯವರ ಎಳೆಯ ನಾಯಿಯೊಂದು ಸರಪಣಿಯಿಲ್ಲದೆ ಹಾರಿ ಬಂತು. ನಾಯಿ ಕಚ್ಚಲಿಲ್ಲ. ಆದರೆ ಮಗು ಬಿದ್ದು ಗಲ್ಲ ಒಡೆದು ಹೊಲಿಗೆ ಹಾಕಿಸಬೇಕಾಯಿತು. "ಅದು ಏನೂ ಮಾಡುವುದಿಲ್ಲ, ಆಟಕ್ಕೆ ಬಂದದ್ದು" ಎಂದಷ್ಟೇ ನಾಯಿಯ ಯಜಮಾನರ ಉತ್ತರ. ಅಂದಿನಿಂದ ಮಗು ಮೆಟ್ಟಿಲ ಬಳಿಗೆ ಹೋಗದು. ತಾಯಿ ಅದನ್ನು ಸೊಂಟದಲ್ಲಿ ಹೊತ್ತುಕೊಂಡೇ ಹತ್ತಿ ಇಳಿಯುತ್ತಾರೆ. ಎಲ್ಲ ನಾಯಿಗಳನ್ನೂ ಕಟ್ಟಡದಿಂದ ಹೊರಹಾಕಬೇಕೆಂದು ನಾವು ಬರೆಯಬೇಕಂತೆ.

ಈ ಎರಡು ಪತ್ರಗಳನ್ನು ಒಟ್ಟಿಗಿಟ್ಟು ಓದಿದರೆ ಮಾತ್ರ ತಿಳಿಯುವ ಒಂದು ಸಂಗತಿಯಿದೆ. ತಾಯಿಯ ದೂರು ಬಂದಾಗ ಆಡಳಿತ ಸಮಿತಿಯವರು ಆ ಎಳೆಯ ನಾಯಿಯ ಯಜಮಾನರನ್ನು ಕರೆದು ಮಾತನಾಡಲಿಲ್ಲ. ಹಳೆಯ ಬೈಲಾ ತೆಗೆದು, ಅದರಲ್ಲಿದ್ದ ನಿಷೇಧದ ಸಾಲನ್ನು ನಕಲು ಮಾಡಿ ಎಲ್ಲರಿಗೂ ಒಂದೇ ಚೀಟಿ ಅಂಟಿಸಿದರು. ಮೇಲಿನ ಮನೆಯವರು ನ್ಯಾಯಾಲಯದ ತೀರ್ಪೊಂದರ ಪ್ರತಿಯನ್ನು ತಂದು ತೋರಿಸಿದರು. ಸಮಿತಿ ಅವರ ವಿಷಯದಲ್ಲಿ ಬಾಯಿ ಮುಚ್ಚಿಕೊಂಡಿತು. ತೀರ್ಪಿನ ಸಂಗತಿ ಗೊತ್ತಿಲ್ಲದ ಅಧ್ಯಾಪಿಕೆಯ ಮೇಲೆ ಮಾತ್ರ ಚೀಟಿ ಉಳಿದುಕೊಂಡಿತು. ಮಗುವನ್ನು ಕೆಡವಿದ ನಾಯಿ ಇಂದಿಗೂ ಸರಪಣಿಯಿಲ್ಲದೆ ಮೆಟ್ಟಿಲಿಳಿಯುತ್ತಿದೆ. ಯಾರಿಗೂ ಏನೂ ಮಾಡದ ನಾಯಿ ದಿನ ಎಣಿಸುತ್ತಿದೆ.

ಸಾಕುಪ್ರಾಣಿಗಳನ್ನು ಇರಿಸಕೂಡದೆಂಬ ಒಂದು ಸಾಲು ಬರೆದಿಡುವುದು ಬಹಳ ಸುಲಭ. ಆ ಬಳಿಕ ಸಮಿತಿಗೆ ವಿಚಾರಣೆ ಬೇಡ, ವಿವೇಚನೆ ಬೇಡ, ಯಾರ ಮನೆಯ ಬಾಗಿಲನ್ನೂ ತಟ್ಟಿ ನಿಷ್ಠುರ ಕಟ್ಟಿಕೊಳ್ಳುವುದೂ ಬೇಡ. ಆ ಸಾಲು ಊರ್ಜಿತವಲ್ಲವೆಂದು ತಿಳಿದಾಗ "ಕೋರ್ಟು ನಮ್ಮ ಕೈ ಕಟ್ಟಿಹಾಕಿದೆ" ಎಂದು ಕೈಚೆಲ್ಲುವುದೂ ಅಷ್ಟೇ ಸುಲಭ. ಇವೆರಡೂ ಹೊಣೆಯಿಂದ ನುಣುಚಿಕೊಳ್ಳುವ ಉಪಾಯಗಳೇ. ಇವೆರಡರ ನಡುವೆ ಮಾಡಬೇಕಾದ ಕೆಲಸ ಬೇಕಾದಷ್ಟಿದೆ. ನಮ್ಮ ಜಿಲ್ಲೆಯ ವಸತಿ ಸಂಘಗಳು ಅದನ್ನು ಇನ್ನೂ ಕೈಗೆತ್ತಿಕೊಳ್ಳಬೇಕಾಗಿದೆ.

ಹಳೆಯ ನಿಯಮ ಬರೆದವರನ್ನು ಜರೆಯುವುದು ನಮ್ಮ ಉದ್ದೇಶವಲ್ಲ. ನಮ್ಮ ಕಡೆಯವರು ಹುಟ್ಟಿ ಬೆಳೆದದ್ದು ಅಂಗಳವೂ ಹಿತ್ತಿಲೂ ಹಟ್ಟಿಯೂ ಇದ್ದ ಮನೆಗಳಲ್ಲಿ. ಒಂದು ಮನೆಯಿಂದ ಇನ್ನೊಂದು ಮನೆಗೆ ಕೂಗಿದರೂ ಕೇಳದಷ್ಟು ದೂರ. ನಾಯಿ ಜಗಲಿಯ ಕೆಳಗೆ, ಬೆಕ್ಕು ಒಲೆಯ ಬದಿಯಲ್ಲಿ, ಕೋಳಿ ಗೂಡಿನಲ್ಲಿ, ಈ ಊರಿನ ಹೆಸರನ್ನೇ ಹೊತ್ತ ಗಿಡ್ಡ ದನ ಹಟ್ಟಿಯಲ್ಲಿ. ಯಾವುದಕ್ಕೂ ಯಾರೂ ಬೈಲಾ ಬರೆದಿರಲಿಲ್ಲ. ಅಲ್ಲಿಂದ ಒಂದೇ ಗೋಡೆಯ ಎರಡು ಪಕ್ಕಗಳಲ್ಲಿ ಎರಡು ಕುಟುಂಬಗಳು ಮಲಗುವ ಕಟ್ಟಡಕ್ಕೆ ಬಂದಾಗ, ಹಟ್ಟಿಯನ್ನೂ ಕೋಳಿಗೂಡನ್ನೂ ಮೂರನೇ ಮಹಡಿಗೆ ಹತ್ತಿಸಬಾರದೆಂಬ ಎಚ್ಚರಿಕೆಯಿಂದ ಆ ಸಾಲು ಹುಟ್ಟಿಕೊಂಡಿದ್ದರೆ ಆಶ್ಚರ್ಯವಿಲ್ಲ. ಆಡು ಕೋಳಿಗಳಿಗೆಂದು ಬರೆದದ್ದು ಹೀಗೆ ನಾಯಿ ಬೆಕ್ಕುಗಳಿಗೂ ತಗಲಿಕೊಂಡಿತು.

ಸಹಕಾರವೆಂಬುದು ಈ ಕರಾವಳಿಗೆ ಹೊಸ ಶಬ್ದವಲ್ಲ. ಕಾಸರಗೋಡು ದಕ್ಷಿಣ ಕನ್ನಡದ ತಾಲೂಕಾಗಿದ್ದ ಕಾಲದಲ್ಲಿಯೇ ಪುತ್ತೂರಿನ ಮೊಳಹಳ್ಳಿ ಶಿವರಾಯರು ಜಿಲ್ಲೆಯಲ್ಲಿ ಸಹಕಾರಿ ಚಳವಳಿಗೆ ಅಡಿಗಲ್ಲಿಟ್ಟರು. 1973ರಲ್ಲಿ ಕ್ಯಾಂಪ್ಕೊ ಸ್ಥಾಪನೆಯಾದಾಗ ಎರಡು ರಾಜ್ಯಗಳ ಅಡಿಕೆ ಬೆಳೆಗಾರರು ಗಡಿಯನ್ನು ಮರೆತು ಒಂದಾದರು. ವಸತಿಯ ವಿಷಯಕ್ಕೆ ಬಂದರೆ, 1915ರಲ್ಲಿ ಮುಂಬಯಿಯ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ವಸತಿ ಸಂಘವನ್ನು ಕಟ್ಟಿದವರು ಕೆನರಾ ಕರಾವಳಿಯ ಮೂಲದವರೇ. ಅದರ ಹಿಂದೆ ರಾವ್ ಬಹದ್ದೂರ್ ಎಸ್. ಎಸ್. ತಲ್ಮಕಿಯವರ ದುಡಿಮೆಯಿತ್ತು. ಪರಸ್ಪರ ಪರಿಚಯವೂ ವಿಶ್ವಾಸವೂ ಇವರೆಲ್ಲರ ಬಂಡವಾಳ. ಈಗ ನಮ್ಮ ವಸತಿ ಸಂಘಗಳಲ್ಲಿ ನಿರ್ವಹಣಾ ವೆಚ್ಚದ ವಸೂಲಿ ತಪ್ಪದೆ ನಡೆಯುತ್ತದೆ. ಎದುರು ಬಾಗಿಲಿನವರ ಹೆಸರು ಗೊತ್ತಿರುವುದಿಲ್ಲ. ನಾಯಿಯ ಜಗಳ ಬೆಳೆಯಲು ನಾಯಿಗಿಂತ ಇದೇ ಹೆಚ್ಚಿನ ಕಾರಣವೆಂದು ನಮಗೆ ತೋರುತ್ತದೆ.

ಇನ್ನು ಕಾನೂನಿನ ಮಾತು. 2021ರಲ್ಲಿ ಕೇರಳ ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವು ಈ ವಿಷಯದಲ್ಲಿ ಸ್ಪಷ್ಟವಾದ ತೀರ್ಪನ್ನಿತ್ತಿದೆ. ತನ್ನ ಮನೆಯಲ್ಲಿ ಸಾಕುಪ್ರಾಣಿ ಇರಿಸಿಕೊಳ್ಳುವುದನ್ನು ಪೂರ್ತಿಯಾಗಿ ನಿಷೇಧಿಸುವ ಬೈಲಾ ಆಗಲಿ ಕರಾರು ಆಗಲಿ ಸಂವಿಧಾನಕ್ಕೆ ಹೊರತಾದುದು, ಅದನ್ನು ಜಾರಿಗೊಳಿಸುವಂತಿಲ್ಲ ಎಂಬುದು ಅದರ ಸಾರ. ಪ್ರಾಣಿಗಳಿಗೆ ಪ್ರವೇಶವಿಲ್ಲವೆಂಬ ಫಲಕಗಳನ್ನು ಹಾಕಬಾರದೆಂದೂ ನಿವಾಸಿಗಳ ಸಂಘಗಳಿಗೆ ಹೇಳಲಾಯಿತು. ಅದೇ ವರ್ಷದ ಜೂನಿನಲ್ಲಿ ತಿರುವನಂತಪುರದ ಅಡಿಮಲತ್ತುರ ಕಡಲತೀರದಲ್ಲಿ ಬ್ರೂನೊ ಎಂಬ ಸಾಕುನಾಯಿಯನ್ನು ಹೊಡೆದು ಕೊಂದ ಪ್ರಕರಣವನ್ನು ನ್ಯಾಯಾಲಯವು ತಾನಾಗಿಯೇ ಕೈಗೆತ್ತಿಕೊಂಡಿದ್ದುದನ್ನು ವಾಚಕರು ಮರೆತಿರಲಾರರು. ಅದಕ್ಕೂ ಮೊದಲೇ, 2015ರ ಫೆಬ್ರವರಿಯಲ್ಲಿ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು ಹೊರಡಿಸಿದ ಸುತ್ತೋಲೆಯಲ್ಲಿ ಬಹುಮತದಿಂದ ನಿರ್ಣಯಿಸಿದರೂ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲವೆಂದು ಹೇಳಲಾಗಿತ್ತು. ಜೀವಿಗಳ ಮೇಲೆ ದಯೆಯಿರಿಸುವುದು ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲಿ ಒಂದೆಂದು 1976ರ ತಿದ್ದುಪಡಿಯ ಮೂಲಕ ಸಂವಿಧಾನದಲ್ಲಿಯೇ ಸೇರಿದೆ.

ಆದರೆ ತೀರ್ಪಿನ ಪ್ರತಿಯನ್ನು ಕಿಸೆಯಲ್ಲಿಟ್ಟುಕೊಂಡು ತಿರುಗುವವರು ಅದರ ಇನ್ನರ್ಧವನ್ನೂ ಓದುವುದು ಒಳ್ಳೆಯದು. ಸಾಕುವವರ ಹಕ್ಕು ಎಲ್ಲೆಯಿಲ್ಲದ್ದೆಂದು ನ್ಯಾಯಾಲಯ ಹೇಳಿಲ್ಲ. ಇತರ ನಿವಾಸಿಗಳ ಹಿತವನ್ನು ಗಮನದಲ್ಲಿರಿಸಿ ಯುಕ್ತವಾದ ಷರತ್ತುಗಳನ್ನು ವಿಧಿಸಲು ಸಂಘಗಳಿಗೆ ಅವಕಾಶವನ್ನು ಉಳಿಸಿಯೇ ಇದೆ. ನಾಯಿಯನ್ನು ಇರಿಸಿಕೊಳ್ಳಬಹುದು ಎಂದರೆ ಮೆಟ್ಟಿಲಲ್ಲಿ ಬಿಟ್ಟುಬಿಡಬಹುದು ಎಂದು ಅರ್ಥವಲ್ಲ.

ನಾಯಿಯನ್ನು ಕಂಡು ಹೆದರುವವರನ್ನು ನೋಡಿ ನಗುವ ಒಂದು ಅಭ್ಯಾಸ ನಾಯಿ ಸಾಕುವವರಲ್ಲಿದೆ. ಇದು ಸರ್ವಥಾ ಸಲ್ಲದು. 2023ರ ಜೂನಿನಲ್ಲಿ ಪಕ್ಕದ ಕಣ್ಣೂರು ಜಿಲ್ಲೆಯ ಮುಝಪ್ಪಿಲಂಗಾಡಿನಲ್ಲಿ ಮಾತು ಬಾರದ ಹನ್ನೊಂದು ವರ್ಷದ ಬಾಲಕನೊಬ್ಬ ಬೀದಿನಾಯಿಗಳ ದಾಳಿಗೆ ಬಲಿಯಾದನು. ಕೂಗಿ ಕರೆಯುವ ಶಕ್ತಿಯೂ ಆ ಮಗುವಿಗಿರಲಿಲ್ಲ. ಈ ಸುದ್ದಿಯನ್ನು ಓದಿದ ಯಾವ ತಾಯಿ ತಾನೇ ಸಾಕುನಾಯಿ ಬೇರೆ, ಬೀದಿನಾಯಿ ಬೇರೆ ಎಂದು ನಿಧಾನವಾಗಿ ವಿಂಗಡಿಸುತ್ತಾ ನಿಲ್ಲುವಳು? ಹುಚ್ಚುನಾಯಿ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಅದಕ್ಕೆ ಮದ್ದಿಲ್ಲ. ಬದುಕಿ ಉಳಿದವರು ಬೆರಳೆಣಿಕೆಯಷ್ಟು. ಕಚ್ಚಿದ ಕೂಡಲೇ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದಷ್ಟು ಚುಚ್ಚುಮದ್ದನ್ನು ಒಂದೂ ತಪ್ಪದೆ ತೆಗೆದುಕೊಂಡರೆ ಅದೇ ರೋಗವನ್ನು ತಡೆಯಬಹುದು. ಮದ್ದಿದೆಯೆಂಬುದು ಭಯವನ್ನು ಕಡಿಮೆ ಮಾಡಬೇಕು, ನಿಜ. ಆದರೆ ಪಕ್ಕದ ಮನೆಯ ನಾಯಿಗೆ ಚುಚ್ಚುಮದ್ದು ಆಗಿದೆಯೇ ಇಲ್ಲವೇ ಎಂದು ತಿಳಿಯುವ ದಾರಿಯೇ ಇಲ್ಲದಿದ್ದರೆ ಭಯ ಹೇಗೆ ಕಡಿಮೆಯಾದೀತು?

ಭಯ ಮಾತ್ರವಲ್ಲ, ಆಚಾರದ ಮಾತೂ ಇದೆ. ನಾಯಿಯ ಜೊಲ್ಲು ತಾಗಿದರೆ ನಮಾಜಿಗೆ ನಿಲ್ಲುವ ಮುನ್ನ ತೊಳೆದು ಶುದ್ಧಿಮಾಡಲೇಬೇಕಾದ ಮನೆಯವರು ನಮ್ಮ ಕಟ್ಟಡಗಳಲ್ಲಿದ್ದಾರೆ. ಮಡಿಯುಟ್ಟು ಹೊರಟಾಗ ನಾಯಿ ಮೂಸಿದರೆ ಮತ್ತೆ ಮೀಯಬೇಕೆನ್ನುವ ಅಜ್ಜಂದಿರೂ ಇದ್ದಾರೆ. ಪರಶ್ಶಿನಿಕಡವಿನಲ್ಲಿ ಮುತ್ತಪ್ಪನ ಸನ್ನಿಧಿಯಲ್ಲಿಯೇ ನಾಯಿಗಳಿಗೆ ಮನ್ನಣೆಯಿದೆಯೆಂದು ಇವರೊಡನೆ ವಾದ ಹೂಡುವುದರಿಂದ ಫಲವಿಲ್ಲ. ಒಬ್ಬರ ನಂಬಿಕೆಯನ್ನು ಇನ್ನೊಬ್ಬರ ಮೇಲೆ ಹೇರಬಾರದು ಎಂಬುದಾದರೆ ಒಬ್ಬರ ನಾಯಿಯನ್ನೂ ಇನ್ನೊಬ್ಬರ ಬಟ್ಟೆಯ ಮೇಲೆ ಹೇರಬಾರದಷ್ಟೆ. ಇದಕ್ಕೆ ಬೇಕಾದುದು ಒಂದು ಗಿಡ್ಡ ಪಟ್ಟಿ, ಲಿಫ್ಟಿನಲ್ಲಿ ಯಾರಾದರೂ ಇದ್ದರೆ ಒಂದು ನಿಮಿಷ ಕಾಯುವ ತಾಳ್ಮೆ. ಅನಂತಪುರದ ಕೆರೆಯ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಅಂತಿಮ ದರ್ಶನಕ್ಕೆ ಜನ ಸಾಲುಗಟ್ಟಿ ಬಂದ ಊರು ನಮ್ಮದು. ಪ್ರಾಣಿಯ ಮೇಲೆ ಮಮತೆ ಈ ನೆಲದಲ್ಲಿ ಕಡಿಮೆಯಾಗಿಲ್ಲ. ಆದರೆ ಬಬಿಯಾ ಯಾರ ಮನೆಯ ಬಾಗಿಲಿಗೂ ಬರುತ್ತಿರಲಿಲ್ಲ ಎಂಬುದನ್ನೂ ನೆನಪಿಡಬೇಕು.

ಹಾಗಾದರೆ ಹೊಸ ನಿಯಮದಲ್ಲಿ ಏನಿರಬೇಕು? ನಾಯಿಯ ಜಾತಿ, ಗಾತ್ರ, ತೂಕಗಳನ್ನು ಹಿಡಿದು ನಿಯಮ ಬರೆಯುವುದು ಪ್ರಯೋಜನವಿಲ್ಲದ ಕೆಲಸ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರಕಾರವು ಇಪ್ಪತ್ತಮೂರು ತಳಿಗಳನ್ನು ಅಪಾಯಕಾರಿಯೆಂದು ಪಟ್ಟಿಮಾಡಿ ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರ ಅಹವಾಲನ್ನು ಕೇಳದೆ ಹೊರಡಿಸಿದ್ದೆಂದು ಮರು ತಿಂಗಳೇ ಕರ್ನಾಟಕ ಉಚ್ಚ ನ್ಯಾಯಾಲಯ ಅದನ್ನು ರದ್ದುಪಡಿಸಿತು. ಕೇಂದ್ರ ಸರಕಾರದ ಪಟ್ಟಿಯೇ ನಿಲ್ಲದಿರುವಾಗ ವಸತಿ ಸಂಘದ ಕಾರ್ಯದರ್ಶಿಯವರ ಪಟ್ಟಿ ನಿಂತೀತೇ? ನಿಯಮ ನಾಯಿಗಲ್ಲ, ನಾಯಿಯ ಯಜಮಾನನಿಗೆ. ಅವನೇನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಹೇಳಿದರೆ ಸಾಕು.

ಮೊದಲನೆಯದು ದಾಖಲೆ. ಕೇರಳದಲ್ಲಿ ನಾಯಿ ಸಾಕಲು ಸ್ಥಳೀಯ ಸಂಸ್ಥೆಯ ಪರವಾನಗಿ ಬೇಕು. ಪಂಚಾಯತುಗಳಿಗಾಗಿ ಹಂದಿ ಮತ್ತು ನಾಯಿಗಳ ಪರವಾನಗಿ ನಿಯಮಗಳು 1998ರಲ್ಲಿಯೇ ಬಂದಿವೆ. ಎರಡನ್ನೂ ಒಂದೇ ನಿಯಮದಲ್ಲಿ ಕಟ್ಟಿಹಾಕಿದ್ದಕ್ಕೆ ಯಾರಿಗೆ ಹೆಚ್ಚು ಅವಮಾನವಾಯಿತೋ ತಿಳಿಯದು. ಚುಚ್ಚುಮದ್ದಿನ ಪ್ರಮಾಣಪತ್ರವಿಲ್ಲದೆ ಪರವಾನಗಿ ಸಿಗದು. ಮರಿಗೆ ಮೂರು ತಿಂಗಳಾದಾಗ ಮೊದಲ ಚುಚ್ಚುಮದ್ದು, ಆ ಬಳಿಕ ವೈದ್ಯರು ಹೇಳಿದಂತೆ ಪ್ರತಿ ವರ್ಷ. ಸರಕಾರಿ ಮೃಗಾಸ್ಪತ್ರೆಯಲ್ಲಿ ಆಗುವ ಕೆಲಸ ಇದು, ಹೆಚ್ಚಿನ ಖರ್ಚೇನೂ ಇಲ್ಲ. ಪರವಾನಗಿ ಮತ್ತು ಚುಚ್ಚುಮದ್ದಿನ ಪ್ರತಿಯನ್ನು ಸಂಘದ ಕಚೇರಿಯಲ್ಲಿರಿಸಿ, ಯಾವ ಸದಸ್ಯ ಕೇಳಿದರೂ ತೋರಿಸಬೇಕು. ಎರಡನೇ ಮಹಡಿಯ ಆ ತಾಯಿ ಕಚೇರಿಗೆ ಹೋಗಿ ಕಡತ ತೆರೆದು ನೋಡುವಂತಾದರೆ ಆಕೆಯ ಅರ್ಧ ಆತಂಕ ಅಲ್ಲಿಗೇ ಮುಗಿದೀತು.

ಎರಡನೆಯದು ಮೆಟ್ಟಿಲು, ಮೊಗಸಾಲೆ, ಲಿಫ್ಟು, ಅಂಗಳ ಮುಂತಾದ ಎಲ್ಲರಿಗೂ ಸೇರಿದ ಜಾಗಗಳು. ಮನೆಯ ಬಾಗಿಲು ದಾಟಿದ ಮೇಲೆ ನಾಯಿಯ ಕೊರಳಿನ ಪಟ್ಟಿ ಅದನ್ನು ಹಿಡಿದು ನಿಲ್ಲಿಸಬಲ್ಲ ಪ್ರಾಯದವರ ಕೈಯಲ್ಲಿರಬೇಕು, ಹತ್ತು ವರ್ಷದ ಹುಡುಗನ ಕೈಯಲ್ಲಲ್ಲ. ಇದಕ್ಕೆ ವಿನಾಯಿತಿ ಇರಬಾರದು. "ನಮ್ಮದು ಸಾಧು" ಎಂಬ ಮಾತನ್ನು ಯಾವ ನಾಯಿಯ ಯಜಮಾನನೂ ಹೇಳದೆ ಬಿಟ್ಟದ್ದಿಲ್ಲ. ಹಿಂದೆ ಯಾರನ್ನಾದರೂ ಕಚ್ಚಿದ ನಾಯಿಯಾದರೆ ಹೊರತರುವಾಗ ಬಾಯಿಕುಕ್ಕೆ ಹಾಕಲಿ. ಲಿಫ್ಟಿನಲ್ಲಿ ನಾಯಿಗೆ ಪ್ರವೇಶವಿಲ್ಲವೆನ್ನುವಂತಿಲ್ಲ, ಅದಕ್ಕೆಂದು ಪ್ರತ್ಯೇಕ ಶುಲ್ಕ ಎತ್ತುವಂತೆಯೂ ಇಲ್ಲವೆಂದು ಮಂಡಳಿಯ ಸುತ್ತೋಲೆ ಹೇಳುತ್ತದೆ. ಇದು ಸರಿಯಾದುದೇ. ಕಾಲುನೋವಿನ ಅಧ್ಯಾಪಿಕೆಯೂ ಮಂಜುಗಣ್ಣಿನ ನಾಯಿಯೂ ನಾಲ್ಕು ಮಹಡಿ ಮೆಟ್ಟಿಲಿಳಿಯಲಿ ಎನ್ನುವುದು ಕ್ರೌರ್ಯ. ಎರಡು ಲಿಫ್ಟುಗಳಿದ್ದಲ್ಲಿ ಒಂದನ್ನು ಗೊತ್ತುಪಡಿಸಬಹುದು. ಒಂದೇ ಇದ್ದಲ್ಲಿ ಒಳಗಿರುವವರಿಗೆ ಮೊದಲ ಹಕ್ಕು, ನಾಯಿಯವರು ಮುಂದಿನ ಸರದಿಗೆ ಕಾಯಲಿ.

ಮಲದ ವಿಷಯದಲ್ಲಿ ಮಾತ್ರ ಮಂಡಳಿಯ ಅಭಿಪ್ರಾಯವನ್ನು ನಾವು ಒಪ್ಪಲಾರೆವು. ನಾಯಿಯ ಮಲವನ್ನು ಯಜಮಾನನೇ ತೆಗೆಯುವಂತೆ ಸಂಘವು ವಿನಂತಿಸಬಹುದೇ ಹೊರತು ಕಡ್ಡಾಯಮಾಡಿ ದಂಡ ವಿಧಿಸುವಂತಿಲ್ಲವೆಂದು ಸುತ್ತೋಲೆಯಲ್ಲಿದೆ. ತನ್ನ ಮನೆಯ ಕಸವನ್ನು ತಾನೇ ವಿಂಗಡಿಸಿ ಹಸಿರು ಕ್ರಿಯಾಸೇನೆಯವರಿಗೆ ಕೊಡಬೇಕಾದ ನಾಡಿನಲ್ಲಿ ತನ್ನ ನಾಯಿಯ ಮಲವನ್ನು ಬೇರೆಯವರು ತುಳಿಯಲಿ ಎಂದು ಬಿಟ್ಟುಹೋಗುವುದು ಹೇಗೆ ಹಕ್ಕಾದೀತು? ಮಳೆಗಾಲದಲ್ಲಿ ಅದು ಹರಿದು ಎಲ್ಲಿಗೆ ಹೋಗುತ್ತದೆಂದು ನಮ್ಮ ಕಡೆ ಬಿಡಿಸಿ ಹೇಳಬೇಕಾಗಿಲ್ಲ. ಆದಾಗ್ಯೂ ದಂಡದ ಕುರಿತು ವ್ಯಾಜ್ಯ ಹೂಡುವ ಬದಲು ಕಾಗದವನ್ನೂ ಮುಚ್ಚಳದ ಬುಟ್ಟಿಯನ್ನೂ ಸಂಘವೇ ಒಂದು ಮೂಲೆಯಲ್ಲಿರಿಸಿ, ಅದನ್ನು ತೆರವು ಮಾಡುವ ವೆಚ್ಚವನ್ನು ಸಾಕುವವರು ತಾವಾಗಿಯೇ ಹಂಚಿಕೊಳ್ಳುವುದು ಮೇಲು.

ಬೊಗಳುವುದಕ್ಕೆ ಏನು ಮಾಡೋಣ? ನಾಯಿ ಬೊಗಳುತ್ತದೆ. ಅದಷ್ಟೇ ಕಾರಣವಾಗಿ ಅದನ್ನು ಹೊರಹಾಕಲಾಗದು. ಆದರೆ ಗಂಟೆಗಟ್ಟಲೆ ಬೊಗಳುವ ನಾಯಿ ಹೆಚ್ಚಾಗಿ ಒಂಟಿಯಾಗಿ ಕೂಡಿಹಾಕಲ್ಪಟ್ಟ ನಾಯಿ. ಇದು ನಮ್ಮ ಜಿಲ್ಲೆಯಲ್ಲಿ ಬೇರೆ ಕಡೆಗಿಂತ ಹೆಚ್ಚೆಂದು ಹೇಳಿದರೆ ತಪ್ಪಾಗಲಾರದು. ರಜೆಯಲ್ಲಿ ಊರಿಗೆ ಬಂದಾಗ ಮಕ್ಕಳ ಆಸೆಗೆ ಮರಿಯೊಂದನ್ನು ತಂದು, ರಜೆ ಮುಗಿದು ದುಬಾಯಿಗೆ ಹಾರುವಾಗ ಅದನ್ನು ಬೀಗ ಹಾಕಿದ ಫ್ಲಾಟಿನಲ್ಲಿಯೋ ಬಾಲ್ಕನಿಯಲ್ಲಿಯೋ ಬಿಟ್ಟು, ಅನ್ನ ಹಾಕಲು ಕಾವಲುಗಾರನಿಗೆ ದುಡ್ಡು ಕೊಟ್ಟು ಹೋದವರಿದ್ದಾರೆ. ಹೋಗುವ ಮುನ್ನ ಹೊಳೆಬದಿಯಲ್ಲಿ ಇಳಿಸಿ ಬಂದವರೂ ಇದ್ದಾರೆ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ ಹನ್ನೊಂದನೆಯ ಕಲಮು ಪ್ರಾಣಿಯನ್ನು ಹಸಿವೆಗೂ ಬಾಯಾರಿಕೆಗೂ ಬಿಟ್ಟು ಹೋಗುವುದನ್ನು ಮಾತ್ರವಲ್ಲ, ಸದಾ ಕಟ್ಟಿಹಾಕಿದ ನಾಯಿಯನ್ನು ಸಾಕಷ್ಟು ಓಡಾಡಿಸದಿರುವುದನ್ನೂ ಅಪರಾಧವೆನ್ನುತ್ತದೆ. ಮೊದಲ ತಪ್ಪಿಗೆ ಆ ಕಾಯ್ದೆ ಬರೆದಿಟ್ಟ ದಂಡ ಹತ್ತರಿಂದ ಐವತ್ತು ರೂಪಾಯಿ. ಈ ಮೊತ್ತಕ್ಕೆ ಹೆದರುವವರಾರು? ಆದುದರಿಂದ ಸಂಘವೇ ಒಂದು ನಿಯಮ ಮಾಡಲಿ: ಮನೆಯವರು ಎರಡು ದಿನಕ್ಕಿಂತ ಹೆಚ್ಚು ಊರಲ್ಲಿಲ್ಲದಿದ್ದರೆ ನಾಯಿಯನ್ನು ನೋಡಿಕೊಳ್ಳುವವರು ಯಾರೆಂದು ಹೆಸರೂ ದೂರವಾಣಿ ಸಂಖ್ಯೆಯೂ ಬರೆದುಕೊಡಬೇಕು.

ಬೆಕ್ಕಿನ ಕುರಿತು ಹೆಚ್ಚು ಹೇಳುವುದಕ್ಕಿಲ್ಲ. ಅದು ನಿಯಮಾವಳಿಯನ್ನು ಓದುವ ಪೈಕಿಯಲ್ಲ. ಸಂತಾನಹರಣ ಚಿಕಿತ್ಸೆಯನ್ನೂ ಚುಚ್ಚುಮದ್ದನ್ನೂ ಮಾಡಿಸಿದರೆ ಸಾಕು. ಆದರೆ ಗಿಳಿಯ ವಿಷಯ ಹಾಗಲ್ಲ. ನಾಯಿಯನ್ನು ನಿಷೇಧಿಸಿ, ಪಂಜರದ ಗಿಳಿಯನ್ನು ನಿರುಪದ್ರವಿಯೆಂದು ಬಿಟ್ಟ ಸಂಘಗಳುಂಟು. ನಮ್ಮ ಕಾಡುಮೇಡುಗಳ ಗಿಳಿಯನ್ನು ಹಿಡಿದು ಪಂಜರದಲ್ಲಿರಿಸುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧ; ನಕ್ಷತ್ರ ಆಮೆಯೂ ಹಾಗೆಯೇ. ಅಂದರೆ ಕಾನೂನು ಅನುಮತಿಸಿದ್ದನ್ನು ನಿಷೇಧಿಸಿ, ನಿಷೇಧಿಸಿದ್ದನ್ನು ಅನುಮತಿಸಿದ ಹಾಗಾಯಿತು. ಹಳೆಯ ಬೈಲಾಗಳನ್ನು ಹೊಸತಾಗಿ ಓದಬೇಕೆಂದು ನಾವು ಹೇಳುತ್ತಿರುವುದು ಇದಕ್ಕಾಗಿಯೇ.

ಬೀದಿನಾಯಿಗಳ ಪ್ರಶ್ನೆ ಬೇರೆಯೇ ಆದರೂ ಸಂಘದ ಗೇಟಿನ ಬಳಿ ಎರಡೂ ಕೂಡಿಕೊಳ್ಳುತ್ತವೆ. ಗೇಟಿನೆದುರು ಉಳಿದ ಮೀನು ಅನ್ನ ಸುರಿಯುವವರಿಂದ ನಾಯಿಯ ಹಿಂಡು ಅಲ್ಲಿಯೇ ನೆಲೆಯೂರಿ, ಕೊನೆಗೆ ಆ ಸಿಟ್ಟು ಕಟ್ಟಡದೊಳಗಿನ ಸಾಕುನಾಯಿಯ ಮೇಲೆ ತಿರುಗುತ್ತದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಆಹಾರ ಹಾಕುವ ಜಾಗವನ್ನು ಮಕ್ಕಳ ಆಟದ ಸ್ಥಳ, ಮೆಟ್ಟಿಲು ಮತ್ತು ಬಂದುಹೋಗುವ ದಾರಿಯಿಂದ ದೂರದಲ್ಲಿ ಗೊತ್ತುಪಡಿಸಬೇಕು. ಗೊತ್ತುಪಡಿಸಿದ ಜಾಗದಲ್ಲಲ್ಲದೆ ಬೀದಿಯಲ್ಲಿ ಆಹಾರ ಹಾಕಬಾರದೆಂದು ಸರ್ವೋಚ್ಚ ನ್ಯಾಯಾಲಯವೂ 2025ರ ಆಗಸ್ಟ್ 22ರ ಆದೇಶದಲ್ಲಿ ಹೇಳಿದೆ. ಹಿಂಡನ್ನು ಹಿಡಿದು ಸಂತಾನಹರಣ ಮಾಡಿಸುವ ಹೊಣೆ ನಗರಸಭೆ, ಪಂಚಾಯತುಗಳದ್ದು. ಅದರ ಬಗ್ಗೆ ಇದೇ ಅಂಕಣದಲ್ಲಿ ಬೇರೆಯೇ ಬರೆಯಬೇಕಾದಷ್ಟು ಇದೆ.

ನಿಯಮ ಏನಿರಬೇಕೆಂಬುದಕ್ಕಿಂತ ಅದನ್ನು ಯಾರು ಕೂತು ಬರೆಯಬೇಕೆಂಬುದು ಹೆಚ್ಚು ಮುಖ್ಯವೆಂದು ನಮ್ಮ ಅಭಿಪ್ರಾಯ. 1969ರ ಕೇರಳ ಸಹಕಾರಿ ಸಂಘಗಳ ಕಾಯ್ದೆಯಡಿ ನೋಂದಣಿಯಾದ ಸಂಘದಲ್ಲಿ ಕಾರ್ಯದರ್ಶಿಯ ಸಹಿಯಿರುವ ಚೀಟಿಯಿಂದ ಬೈಲಾ ಬದಲಾಗುವುದಿಲ್ಲ. ಮಹಾಸಭೆ ನಿರ್ಣಯಿಸಬೇಕು, ತಿದ್ದುಪಡಿ ನೋಂದಣಿಯಾಗಬೇಕು. ಆ ಮಹಾಸಭೆಗೆ ಮೊದಲು ಐದಾರು ಮಂದಿಯ ಒಂದು ಉಪಸಮಿತಿ ಕೂಡಿ ಕರಡು ಬರೆಯಲಿ. ಅದರಲ್ಲಿ ನಾಯಿ ಸಾಕುವವರು ಇರಲಿ, ನಾಯಿಯೆಂದರೆ ಆಗದವರೂ ಇರಲಿ. ಬಾಡಿಗೆಗೆ ಇರುವವರಿಗೆ ಮತವಿಲ್ಲದಿದ್ದರೂ ಮಾತಿಗೆ ಅವಕಾಶ ಕೊಡಲಿ. ಸಾಧ್ಯವಾದರೆ ಮೃಗಾಸ್ಪತ್ರೆಯ ವೈದ್ಯರನ್ನು ಒಂದು ದಿನ ಕರೆಯಿಸಲಿ. ಕರಡನ್ನು ಮಲಯಾಳದಲ್ಲಿಯೂ ಕನ್ನಡದಲ್ಲಿಯೂ ಬರೆದು ಪ್ರತಿ ಮನೆಗೆ ಮುಟ್ಟಿಸಲಿ. ಅಧ್ಯಾಪಿಕೆ ತಮಗೆ ಬಂದ ಚೀಟಿಯನ್ನು ಪಕ್ಕದ ಮನೆಯ ಹುಡುಗಿಯಿಂದ ಓದಿಸಿಕೊಂಡರಂತೆ. ಮೂವತ್ತು ವರ್ಷ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿದವರು ತನ್ನ ಮೇಲೆ ಹೊರಟ ಆಜ್ಞೆಯನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾಗಿ ಬರುವುದು ಯಾವ ಸಂಘಕ್ಕೂ ಶೋಭೆಯಲ್ಲ.

ದೂರು ಬಂದರೆ ಮೊದಲು ಮಾತು, ಆಮೇಲೆ ಬರಹ. ಅದೂ ತಪ್ಪು ಮಾಡಿದವರ ಹೆಸರಿಗೇ ಹೊರತು ಎಲ್ಲರ ಹೆಸರಿಗಲ್ಲ. ಕೇಳದವರ ಮೇಲೆ ಸ್ಥಳೀಯ ಸಂಸ್ಥೆಗೂ ಬೇಕಾದಲ್ಲಿ ಪೊಲೀಸರಿಗೂ ದೂರು ಕೊಡಲು ಸಮಿತಿ ಹಿಂಜರಿಯಬಾರದು. ಆ ಮನೆಯವರು ಎಷ್ಟೇ ಪ್ರಭಾವಶಾಲಿಗಳಾಗಿರಲಿ.

ಮೇಲೆ ಹೇಳಿದ ಸಂಘದ ಆಡಳಿತ ಸಮಿತಿಯವರಲ್ಲಿ ನಮ್ಮ ವಿನಂತಿ ಇಷ್ಟೆ. ಕರಡು, ಉಪಸಮಿತಿ, ನೋಂದಣಿಗಳಿಗೆ ತಿಂಗಳುಗಳೇ ಬೇಕಾದಾವು. ಎರಡು ಕೆಲಸಗಳನ್ನು ಮಾತ್ರ ನಾಳೆಯೇ ಮಾಡಬಹುದು. ಮೇಲಿನ ಮನೆಯವರ ಬಾಗಿಲು ತಟ್ಟಿ, ಇಂದಿನಿಂದ ನಾಯಿ ಸರಪಣಿಯಿಲ್ಲದೆ ಹೊಸ್ತಿಲು ದಾಟಬಾರದೆಂದು ಮುಖಕ್ಕೆ ಮುಖ ಕೊಟ್ಟು ಹೇಳಬೇಕು. ಹೇಳಿದ್ದೇವೆಂದು ಎರಡನೇ ಮಹಡಿಯ ತಾಯಿಗೂ ತಿಳಿಸಬೇಕು. ಎರಡನೆಯದಾಗಿ, ಫಲಕದಲ್ಲಿರುವ ಚೀಟಿಯನ್ನು ತೆಗೆದು, ತೆಗೆದಿದ್ದೇವೆಂದು ಅಧ್ಯಾಪಿಕೆಗೆ ಅವರ ಭಾಷೆಯಲ್ಲಿಯೇ ಎರಡು ಸಾಲು ಬರೆದುಕೊಡಬೇಕು. ಆ ಚೀಟಿ ಕೊಟ್ಟ ಹದಿನೈದು ದಿನಗಳಲ್ಲಿ ಒಂಬತ್ತು ಈಗಾಗಲೇ ಕಳೆದಿವೆ.